ಕರ್ಸರ್ ಎಂಬ ಬೆರಳು

ಮೊನ್ನೆ ಆಫೀಸಿನಲ್ಲಿ ಒಂದು ಪ್ರೊಸೀಜರಿನಿಂದ ನಾಲ್ಕು ಸಾಲು ಹೊರಗೆ ತರಲು ಅರ್ಧ ದಿನ ಒದ್ದಾಡಿದೆ. ಬರೀ ಸೆಲೆಕ್ಟ್ ಸಾಲದು, ರೆಫ್ ಕರ್ಸರ್ ಬೇಕು ಅಂದರು ಸೀನಿಯರ್. ಯಾಕಪ್ಪಾ ಅಂತ ಹಳೆಯದನ್ನು ಕೆದಕಿದೆ...

1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಡೇಟಾವನ್ನು ಇಡೀ ಗಣಗಳಾಗಿ ಕಂಡರು. ಕೋಬಾಲ್, ಪಿಎಲ್/ಒನ್‌ಗಳಿಗೋ ಒಂದು ಸಲಕ್ಕೆ ಒಂದೇ ಸಾಲು ಓದಿ ಅಭ್ಯಾಸ. ಇವೆರಡನ್ನೂ ಕೂಡಿಸಲು ಅಲ್ಲಿನ ಸಿಸ್ಟಂ ಆರ್ ತಂಡ ಕರ್ಸರ್ ತಂದಿತು: ಫಲಿತಾಂಶದ ಮೇಲಿಟ್ಟ ಬೆರಳು. 'ಫೆಚ್' ಅಂದಾಗಲೆಲ್ಲ ಒಂದು ಸಾಲು ಕೆಳಗಿಳಿಯುತ್ತದೆ.

1987ರ ಸೈಬೇಸ್, ಪ್ರೊಸೀಜರಿನೊಳಗಿನ ಸೆಲೆಕ್ಟಿನ ಫಲಿತಾಂಶವನ್ನು ನೇರವಾಗಿ ಕೊಡುತ್ತಿತ್ತು. ಒರಾಕಲ್ ಮಾತ್ರ ಆ ಬೆರಳನ್ನೇ ಔಟ್ ಪ್ಯಾರಾಮೀಟರಿನಲ್ಲಿ ದಾಟಿಸುವ ದಾರಿ ಹಿಡಿಯಿತು. (ಮುಚ್ಚಲು ಮರೆಯುತ್ತಾ ಹೋದರೆ ಓಆರ್‌ಎ-01000. ಮರೆತು ಬೈಸಿಕೊಂಡಿದ್ದೇನೆ!) 2013ರ 12ಸಿಯಲ್ಲಿ ಅದೂ ನೇರ ದಾರಿ ತೆರೆಯಿತು, ಮುಖ್ಯವಾಗಿ ಬೇರೆ ಡೇಟಾಬೇಸ್‌ಗಳಿಂದ ವಲಸೆ ಬರುವವರಿಗೆ.

ನಮ್ಮ ಪ್ರಾಜೆಕ್ಟ್ ಇನ್ನೂ ಬೆರಳು ಹಿಡಿದೇ ನಡೆಯುತ್ತಿದೆ :)