ಎಂಡೊಮೆಟ್ರಿಯೋಸಿಸ್‌ಗೆ ಸಾಂಪ್ರದಾಯಿಕ ಚೀನೀ ವೈದ್ಯಪದ್ಧತಿಯ ಚಿಕಿತ್ಸೆ

ಎಂಡೊಮೆಟ್ರಿಯೋಸಿಸ್ ಎಂಬುದು ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯ, ಅಂಡನಾಳ, ಕಿಬ್ಬೊಟ್ಟೆಯ ಒಳಪೊರೆ, ಕೆಲವೊಮ್ಮೆ ಕರುಳಿನ ಮೇಲೆ ಬೆಳೆಯುವ ದೀರ್ಘಕಾಲಿಕ ರೋಗವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿಯ ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಶೇ. 10 ಮಂದಿಗೆ, ಎಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಜನರಿಗೆ ಈ ರೋಗವಿದೆ. ತೀವ್ರವಾದ ಮುಟ್ಟಿನ ನೋವು, ಸಂಭೋಗಕಾಲದ ನೋವು ಹಾಗೂ ಬಂಜೆತನ ಇದರ ಮುಖ್ಯ ಲಕ್ಷಣಗಳು. ಇದನ್ನು ಬುಡಸಹಿತ ನಿವಾರಿಸುವ ಔಷಧವು ಇದುವರೆಗೆ ದೊರೆತಿಲ್ಲ. ಚೀನಾದಲ್ಲಿ ಹಾರ್ಮೋನು ಔಷಧ ಮತ್ತು ಶಸ್ತ್ರಚಿಕಿತ್ಸೆಯ ಜೊತೆಗೆ, ಅಥವಾ ಅವುಗಳ ಬದಲಿಗೆ, ಗಿಡಮೂಲಿಕೆಗಳ ಕಷಾಯ, ಅಕ್ಯುಪಂಕ್ಚರ್ ಮತ್ತು ಮಾಕ್ಸಾ ಶಾಖವನ್ನು ಬಳಸುವ ರೂಢಿಯಿದೆ.

ಹಿನ್ನೆಲೆ

ಪ್ರಾಚೀನ ಚೀನೀ ಗ್ರಂಥಗಳಲ್ಲಿ ಈ ಹೆಸರಿನ ರೋಗವಿಲ್ಲ. ಹೆಸರು ರೂಢಿಗೆ ಬಂದದ್ದು 1920ರ ದಶಕದಲ್ಲಿ, ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ ಅವರ ಬರಹಗಳಿಂದ. ಹಳೆಯ ಗ್ರಂಥಗಳು ಮುಟ್ಟಿನ ನೋವನ್ನು 'ತೋಂಗ್‌ಜಿಂಗ್' ಎಂದೂ ಹೊಟ್ಟೆಯೊಳಗಿನ ಗಡ್ಡೆಗಳನ್ನು 'ಝೆಂಗ್‌ಜ್ಯಾ' ಎಂದೂ ಬೇರೆಬೇರೆಯಾಗಿ ವರ್ಣಿಸುತ್ತವೆ. ಇಂದಿನ ಚೀನೀ ವೈದ್ಯರು ಎಂಡೊಮೆಟ್ರಿಯೋಸಿಸನ್ನು ಈ ವರ್ಗಗಳಲ್ಲಿ ಸೇರಿಸಿ ಚಿಕಿತ್ಸೆ ನೀಡುತ್ತಾರೆ. ಆದ್ದರಿಂದ 'ಎರಡು ಸಾವಿರ ವರ್ಷಗಳಿಂದ ಈ ರೋಗಕ್ಕೆ ನೀಡುತ್ತಿರುವ ಔಷಧ' ಎಂಬ ಜಾಹೀರಾತುಗಳ ಮಾತನ್ನು ಅಕ್ಷರಶಃ ನಂಬಲಾಗದು. ಔಷಧಯೋಗವು ಹಳೆಯದು, ರೋಗದ ಗುರುತು ಹೊಸದು.

ರೋಗದ ಕಲ್ಪನೆ

ಈ ಪದ್ಧತಿಯ ಪ್ರಕಾರ ರೋಗದ ತಿರುಳು 'ಶ್ವೆಯು', ಅಂದರೆ ರಕ್ತದ ನಿಶ್ಚಲತೆ. ಹರಿಯಬೇಕಾದುದು ತಡೆದು ನಿಂತರೆ ನೋವು ಹುಟ್ಟುತ್ತದೆ, ನಿಂತದ್ದು ಗಟ್ಟಿಯಾದರೆ ಗಡ್ಡೆಯಾಗುತ್ತದೆ ಎಂಬುದು ಅದರ ತರ್ಕ. ತಡೆಗೆ ಕಾರಣವು ಎಲ್ಲರಲ್ಲಿಯೂ ಒಂದೇ ಅಲ್ಲ. 'ಚೀ' ಎಂಬ ಪ್ರಾಣಶಕ್ತಿಯ ಸ್ತಂಭನ, ಶೈತ್ಯ, ಮೂತ್ರಪಿಂಡದ ದೌರ್ಬಲ್ಯ, ತೇವ ಮತ್ತು ಉಷ್ಣಗಳ ಕೂಡಿಕೆ ಇವುಗಳಲ್ಲಿ ಯಾವುದೆಂಬುದನ್ನು ನಾಲಿಗೆಯ ಬಣ್ಣ, ನಾಡಿ ಮತ್ತು ಮುಟ್ಟಿನ ಸ್ವರೂಪದಿಂದ ನಿರ್ಧರಿಸುತ್ತಾರೆ. ಇಲ್ಲಿ ಹೇಳುವ 'ಮೂತ್ರಪಿಂಡ'ವು ಅಂಗರಚನಾಶಾಸ್ತ್ರದ ಮೂತ್ರಪಿಂಡವಲ್ಲ. ಸಂತಾನಶಕ್ತಿಯನ್ನೂ ಒಳಗೊಂಡ ಒಂದು ಪರಿಕಲ್ಪನೆ. ಈ ಭೇದವನ್ನು ತಿಳಿಯದೆ ಓದಿದರೆ ಇಡೀ ವಿವರಣೆಯೇ ಅಪಾರ್ಥಕ್ಕೆ ಎಡೆಮಾಡುತ್ತದೆ.

ಔಷಧಯೋಗಗಳು

ಹಾನ್ ರಾಜವಂಶದ ಕೊನೆಗಾಲದ ವೈದ್ಯ ಝಾಂಗ್ ಝೋಂಗ್‌ಜಿಂಗ್‌ನ 'ಜಿನ್‌ಕ್ವೇ ಯಾವೊಲ್ಯುಯೆ' ಗ್ರಂಥದಲ್ಲಿ ಬರುವ 'ಗುಯಿಝೀ ಫೂಲಿಂಗ್ ವಾನ್' ಎಂಬ ಗುಳಿಗೆಯಲ್ಲಿ ಐದು ದ್ರವ್ಯಗಳಿವೆ: ದಾಲ್ಚಿನ್ನಿ ಜಾತಿಯ ಮರದ ಎಳೆಯ ಕಡ್ಡಿ, ಫೂಲಿಂಗ್ ಎಂಬ ಶಿಲೀಂಧ್ರ, ಮೂದಾನ್ ಗಿಡದ ಬೇರಿನ ತೊಗಟೆ, ಪಿಯೋನಿ ಬೇರು, ಪೀಚ್ ಹಣ್ಣಿನ ಬೀಜದ ತಿರುಳು. ಜಪಾನಿನ ಕಾಂಪೋ ವೈದ್ಯದಲ್ಲಿಯೂ ಇದು ಪ್ರಚಲಿತವಾಗಿದೆ.

ಇನ್ನೊಂದು ಪ್ರಸಿದ್ಧ ಯೋಗವಾದ 'ಶಾವೊಫು ಝುಯು ತಾಂಗ್' ವಾಂಗ್ ಚಿಂಗ್‌ರೆನ್ (1768–1831) ರಚಿಸಿದುದು. ಗ್ರಂಥಗಳಲ್ಲಿನ ಅಂಗಾಂಗ ವಿವರಣೆಯನ್ನು ಶಂಕಿಸಿ, ಸಾಂಕ್ರಾಮಿಕ ರೋಗದಿಂದ ಸತ್ತ ಮಕ್ಕಳ ಶವಗಳನ್ನು ಸ್ಮಶಾನಕ್ಕೆ ಹೋಗಿ ಕಣ್ಣಾರೆ ಪರೀಕ್ಷಿಸಿದ ಅಪರೂಪದ ವೈದ್ಯನೀತ. ಈತನ ಗ್ರಂಥವು 1830ರಲ್ಲಿ ಪ್ರಕಟವಾಯಿತು. ಈ ಕಷಾಯದಲ್ಲಿ ಸೋಂಪು, ಒಣಶುಂಠಿ, ದಾಲ್ಚಿನ್ನಿ, ಬೋಳ ಮುಂತಾದ, ಕನ್ನಡಿಗರಿಗೂ ಪರಿಚಿತವಾದ ವಸ್ತುಗಳಿವೆ. ಜೊತೆಗೆ ಜೊಂಡುಹುಲ್ಲಿನ ಪರಾಗ ಮತ್ತು ಹಾರುವ ಅಳಿಲಿನ ಹಿಕ್ಕೆಯೂ ಉಂಟು. ರಕ್ತಸಂಚಾರಕ್ಕೆಂದು ಚೀನೀಯರು ಬಳಸುವ ಇನ್ನೊಂದು ದ್ರವ್ಯವಾದ 'ಹೋಂಗ್‌ಹುವಾ' ಎಂಬುದು ಉತ್ತರ ಕರ್ನಾಟಕದ ಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವೇ ಆಗಿದೆ.

ಅನೇಕ ವೈದ್ಯರು ಋತುಚಕ್ರಕ್ಕೆ ತಕ್ಕಂತೆ ಔಷಧವನ್ನು ಬದಲಿಸುತ್ತಾರೆ. ಮುಟ್ಟಿನ ದಿನಗಳಲ್ಲಿ ನೋವುಶಮನ ಮತ್ತು ರಕ್ತಚಲನೆಗೆ, ಅನಂತರ ಪೋಷಣೆಗೆ ಒತ್ತು ನೀಡುವುದು ವಾಡಿಕೆ. ಕಷಾಯವನ್ನು ಗುದದ್ವಾರದ ಮೂಲಕ ಬಸ್ತಿಯಾಗಿ ಕೊಡುವ ಕ್ರಮವೂ ಇದೆ.

ಅಕ್ಯುಪಂಕ್ಚರ್ ಮತ್ತು ಮಾಕ್ಸಾ

ಹೆಚ್ಚಾಗಿ ಸೂಜಿ ಚುಚ್ಚುವ ಬಿಂದುಗಳೆಂದರೆ ಒಳಗಣಕಾಲಿನಿಂದ ನಾಲ್ಕು ಬೆರಳು ಮೇಲಿರುವ ಸಾನ್‌ಯಿಂಜ್ಯಾವೊ ಮತ್ತು ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗಿರುವ ಗ್ವಾನ್‌ಯುವಾನ್. ಶೈತ್ಯದ ಲಕ್ಷಣವಿದ್ದರೆ ಒಣಗಿಸಿದ ಮಾಚಿಪತ್ರೆಯ ಜಾತಿಯ ಎಲೆಯನ್ನು ಉರಿಸಿ ಶಾಖ ನೀಡುತ್ತಾರೆ.

ಸಂಶೋಧನೆಯ ಸಾಕ್ಷ್ಯ

ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆಯು ಗಿಡಮೂಲಿಕೆಗಳ ಬಗ್ಗೆ ಒಪ್ಪತಕ್ಕ ಎರಡೇ ಪ್ರಯೋಗಗಳನ್ನು ಕಂಡಿತು. ಎರಡೂ ಚೀನಾದವು, ಒಟ್ಟು 158 ಸ್ತ್ರೀಯರು. ಶಸ್ತ್ರಚಿಕಿತ್ಸೆಯ ನಂತರ ಮೂಲಿಕೆಗಳು ಗೆಸ್ಟ್ರಿನೋನ್ ಔಷಧದಷ್ಟೇ ಫಲ ನೀಡಬಹುದು, ಅಡ್ಡಪರಿಣಾಮ ಕಡಿಮೆಯಿರಬಹುದು ಎಂದು ಅದು ಹೇಳಿತಾದರೂ, ಇನ್ನೂ ಕಟ್ಟುನಿಟ್ಟಾದ ಸಂಶೋಧನೆ ಅಗತ್ಯವೆಂದಿತು. ಅಕ್ಯುಪಂಕ್ಚರ್ ಕುರಿತ 2011ರ ವಿಮರ್ಶೆಗೆ ದೊರೆತದ್ದು 67 ಮಂದಿಯ ಒಂದೇ ಪ್ರಯೋಗ. ಇಷ್ಟು ಚಿಕ್ಕ ಸಂಖ್ಯೆಗಳಿಂದ 'ಗುಣವಾಗುತ್ತದೆ' ಎಂದಾಗಲಿ 'ನಿರುಪಯುಕ್ತ' ಎಂದಾಗಲಿ ತೀರ್ಮಾನಿಸುವುದು ಅವಸರವಾದೀತು. ಯೂರೋಪಿನ ಮಾನವ ಸಂತಾನೋತ್ಪತ್ತಿ ಮತ್ತು ಭ್ರೂಣಶಾಸ್ತ್ರ ಸಂಘದ 2022ರ ಮಾರ್ಗಸೂಚಿಯು, ಲಾಭಹಾನಿಗಳು ಸ್ಪಷ್ಟವಾಗಿಲ್ಲವೆಂಬ ಕಾರಣದಿಂದ, ಇವುಗಳಲ್ಲಿ ಯಾವುದನ್ನೂ ನಿರ್ದಿಷ್ಟವಾಗಿ ಶಿಫಾರಸು ಮಾಡಿಲ್ಲ.

ಎಚ್ಚರಿಕೆಗಳು

ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ. ದಾನ್‌ಶೆನ್ ಮತ್ತು ದಾಂಗ್‌ಗುಯಿ ಎಂಬ ಬೇರುಗಳು ವಾರ್ಫರಿನ್ ಔಷಧದ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ಕಾರಣವಾಗಬಲ್ಲವು. ರಕ್ತವನ್ನು ಚಲಿಸುವಂತೆ ಮಾಡುವ ದ್ರವ್ಯಗಳನ್ನು ಗರ್ಭಿಣಿಯರಿಗೆ ಕೊಡಬಾರದೆಂದು ಚೀನೀ ಸಂಪ್ರದಾಯವೇ ವಿಧಿಸುತ್ತದೆ. ಸಂತಾನಕ್ಕಾಗಿ ಪ್ರಯತ್ನಿಸುತ್ತಿರುವ ರೋಗಿಗಳೂ ಇರುವ ಈ ರೋಗದಲ್ಲಿ ಇದು ಸಣ್ಣ ಮಾತಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಮ್‌ನಲ್ಲಿ ತೂಕ ಇಳಿಸುವ ಗುಳಿಗೆಗಳಿಗೆ ಒಂದು ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಯ ಬೇರು ಸೇರಿ ಅನೇಕ ಸ್ತ್ರೀಯರ ಮೂತ್ರಪಿಂಡಗಳು ವಿಫಲವಾದವು. ಇದಲ್ಲದೆ ಅಂಡಾಶಯದ ಚೀಲಗಡ್ಡೆಯಾಗಲಿ ಮೂತ್ರನಾಳವನ್ನು ಒತ್ತುವ ಗಾಯಗಳಾಗಲಿ ನಾಡಿಪರೀಕ್ಷೆಯಿಂದ ಗೊತ್ತಾಗುವುದಿಲ್ಲ. ಅವುಗಳಿಗೆ ಅಲ್ಟ್ರಾಸೌಂಡ್, ಎಂ.ಆರ್.ಐ. ಅಥವಾ ಲ್ಯಾಪರೊಸ್ಕೋಪಿ ಬೇಕಾಗುತ್ತದೆ. ಮೂತ್ರನಾಳ ಮುಚ್ಚಿಕೊಂಡರೆ ನೋವಿನ ಸುಳಿವೂ ಇಲ್ಲದೆ ಮೂತ್ರಪಿಂಡ ಹಾಳಾಗುವ ಸಂಭವವಿದೆ.