ಅರಮನೆಯ ಕವಯಿತ್ರಿ ಚೆಲುವಾಂಬೆ: ‘ವರನಂದೀ ಕಲ್ಯಾಣ’ವನ್ನು ಓದುವ ಬಗೆ

ಲೋಕಾಪುರ, ಮುಧೋಳ ಸೀಮೆಯವರಿಗೆ ದೊಡ್ಡ ಮನೆತನದ ಹೆಣ್ಣು ಮತ್ತು ಸಾಹಿತ್ಯ ಎಂದೊಡನೆ ನೆನಪಾಗುವವಳು ಅತ್ತಿಮಬ್ಬೆ. ಮುಧೋಳದ ರನ್ನ ‘ಅಜಿತಪುರಾಣ’ವನ್ನು 993ರಲ್ಲಿ ಪೂರೈಸಿದ್ದು ಆಕೆಯ ಆಶ್ರಯದಲ್ಲಿ. ಅಲ್ಲಿ ಆಕೆ ಪೋಷಕಿ, ದಾನಚಿಂತಾಮಣಿ, ಕಾವ್ಯ ರನ್ನನದು. ಏಳು ಶತಮಾನ ಕಳೆದ ಮೇಲೆ ಮೈಸೂರು ಒಡೆಯರ ಅರಮನೆಯಲ್ಲಿ ರಾಣಿಯೊಬ್ಬಳು ತಾನೇ ಲೇಖನಿ ಹಿಡಿದು ಬರೆದಳು. ಆಕೆಯೇ ಚೆಲುವಾಂಬೆ.

ಈಕೆ 1714ರಿಂದ 1732ರವರೆಗೆ ಆಳಿದ ದೊಡ್ಡ ಕೃಷ್ಣರಾಜ ಒಡೆಯರ ರಾಣಿ. ಅರಸೊತ್ತಿಗೆಯ ಅಧಿಕಾರ ಮೆಲ್ಲಗೆ ಕಳಲೆಯ ದಳವಾಯಿಗಳ ಕೈಗೆ ಜಾರುತ್ತಿದ್ದ ಕಾಲವದು. ಸಾಂಗತ್ಯದಲ್ಲಿ ‘ವರನಂದೀ ಕಲ್ಯಾಣ’, ವೆಂಕಟೇಶ್ವರ ಮತ್ತು ಅಲಮೇಲುಮಂಗೆಯರನ್ನು ಕುರಿತ ಲಾಲಿಯ ಹಾಡುಗಳು, ಗದ್ಯದಲ್ಲಿ ‘ತುಲಾಕಾವೇರಿ ಮಾಹಾತ್ಮ್ಯ’ ಆಕೆಯ ಹೆಸರಿನಲ್ಲಿವೆ.

ಇವುಗಳಲ್ಲಿ ‘ವರನಂದೀ ಕಲ್ಯಾಣ’ದ ವಸ್ತುವೇ ಅಚ್ಚರಿಯದು. ದಿಲ್ಲಿಯ ಬಾದಶಹನ ಮಗಳು ವರನಂದಿ ಮೇಲುಕೋಟೆಯ ಚೆಲುವರಾಯಸ್ವಾಮಿಗೆ ಮನಸೋತು ಅವನನ್ನೇ ವರಿಸುತ್ತಾಳೆ. ರಾಮಾನುಜಾಚಾರ್ಯರು ದಿಲ್ಲಿಯಿಂದ ಉತ್ಸವಮೂರ್ತಿಯನ್ನು ತಂದರು, ಅದನ್ನು ಅಗಲಲಾರದೆ ಬಾದಶಹನ ಮಗಳು ಹಿಂದೆಯೇ ಬಂದಳು ಎಂಬುದು ಮೇಲುಕೋಟೆಯ ಐತಿಹ್ಯ. ಬೀಬಿ ನಾಚ್ಚಿಯಾರ್ ಎಂಬ ಹೆಸರಿನಲ್ಲಿ ಆಕೆಗೆ ಇಂದಿಗೂ ಅಲ್ಲಿ ಪೂಜೆ ಸಲ್ಲುತ್ತದೆ. ದಿಲ್ಲಿಯಲ್ಲಿ ಸುಲ್ತಾನರ ಆಳ್ವಿಕೆ ಮೊದಲಾದದ್ದು 1206ರಲ್ಲಿ, ರಾಮಾನುಜರ ಕಾಲದ ನಂತರ. ಹಾಗಾಗಿ ಇದನ್ನು ನಡೆದ ಘಟನೆಯೆಂದು ಹಿಡಿಯುವಂತಿಲ್ಲ. ಮುಂದಿನ ತಲೆಮಾರುಗಳ ಭಕ್ತರು ಕಟ್ಟಿಕೊಂಡ ಕಥೆಯೆಂದು ಓದಬೇಕು. ದಿಲ್ಲಿಯ ದೊರೆಮಗಳು ಕನ್ನಡ ನಾಡಿನವನಿಗೆ ಒಲಿಯುವ ಕಥೆ ನಮಗೆ ಹೊಸದೂ ಅಲ್ಲ. ಕುಮಾರರಾಮನ ಕಥೆಯಲ್ಲಿ ಸುರತಾಣನ (ಸುಲ್ತಾನನ) ಮಗಳು ಅವನಿಗೆ ಮನಸೋಲುತ್ತಾಳೆ.

ಚೆಲುವಾಂಬೆಯ ಹೆಜ್ಜೆ ಬೇರೆ. ಆಕೆ ವರನಂದಿಯನ್ನು ಸತ್ಯಭಾಮೆಯ ಮರುಹುಟ್ಟಾಗಿ ಕಾಣುತ್ತಾಳೆ. ಐತಿಹ್ಯದ ಹುಡುಗಿ ದೂರದಿಂದ ಬಂದ ಭಕ್ತೆ. ಕಾವ್ಯದಲ್ಲಾದರೋ ತನ್ನದೇ ಗಂಡನನ್ನು ಮತ್ತೆ ಕೂಡುವ ಹೆಂಡತಿ. ಇನ್ನು ಅವಳ ಹಕ್ಕನ್ನು ಪ್ರಶ್ನಿಸುವವರಾರು? ಸತ್ಯಭಾಮೆಯೇ ಏಕೆ ಎಂದು ಕೇಳಿದರೆ, ಕೃಷ್ಣನ ಹೆಂಡಿರಲ್ಲಿ ಮುನಿದು ತನ್ನದನ್ನು ಕೇಳಿ ಪಡೆಯುವವಳು ಅವಳೇ. ಈ ಆಯ್ಕೆಗೆ ರಾಜಕೀಯದ ಹಿನ್ನೆಲೆಯೂ ಇದೆ. ಚೆಲುವಾಂಬೆಯ ದಿನಗಳಲ್ಲಿ ಸಿರಾ, ಅರ್ಕಾಟುಗಳ ನವಾಬರು ಮೊಗಲರ ಹೆಸರಿನಲ್ಲಿ ಒಡೆಯರ ರಾಜಧಾನಿ ಶ್ರೀರಂಗಪಟ್ಟಣದಿಂದ ಕಪ್ಪ ಕೇಳುತ್ತಿದ್ದರು. ಹಗೆಯಾಗಿ ಎದುರು ನಿಂತ ದಿಲ್ಲಿಯ ಮನೆಮಗಳನ್ನು ಮೈಸೂರಿನ ರಾಣಿ ತನ್ನ ದೇವರಿಗೆ ಮಡದಿಯಾಗಿ ತಂದುಕೊಂಡಳು. ಇದನ್ನು ಬರಿಯ ಭಕ್ತಿಯೆಂದು ದಾಟಿಹೋಗುವುದು ಕವಯಿತ್ರಿಗೆ ಮಾಡುವ ಅನ್ಯಾಯವೆಂದೇ ನನ್ನ ಎಣಿಕೆ.

ಸಾಂಗತ್ಯ ಹಾಡಲು ಹಗುರವಾದ ಮಟ್ಟು. ಅದಕ್ಕೂ ಮುಂಚೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದೇ ಅರಮನೆಯ ಸಂಚಿಯ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದದ್ದೂ ಇದರಲ್ಲೇ. ಆ ಕಾವ್ಯಕ್ಕೆ ಒತ್ತಾಸೆಯಾದವಳು ಚಿಕ್ಕದೇವರಾಜರ ರಾಣಿ ದೇವಾಜಮ್ಮಣ್ಣಿ. ಒಂದು ತಲೆಮಾರಿನಲ್ಲಿ ಬರೆಸಿದ ರಾಣಿ, ಮುಂದೆ ಬರೆದ ರಾಣಿ: ಅಂತಃಪುರದ ಈ ಬೆಳವಣಿಗೆಯನ್ನು ನಮ್ಮ ಸಾಹಿತ್ಯ ಚರಿತ್ರೆ ಬಿಡಿಬಿಡಿ ಹೆಸರುಗಳಾಗಿ ಹೇಳಿ ಮುಗಿಸಿಬಿಡುತ್ತದೆ. ಚೆಲುವಾಂಬೆ ಬಳಸಿದ, ತೊಟ್ಟಿಲ ಬಳಿ ಹಾಡುವ ಲಾಲಿಯೂ ಹೆಂಗಸರ ನಾಲಗೆಯದೇ. ‘ತುಲಾಕಾವೇರಿ ಮಾಹಾತ್ಮ್ಯ’ವಂತೂ ತುಲಾಮಾಸದ ಕಾವೇರಿ ಸ್ನಾನದ ಹಿರಿಮೆಯನ್ನು ಗದ್ಯದಲ್ಲಿ ತಂದಿತು.

ಅದೇ ಶತಮಾನದಲ್ಲಿ ರಾಣೇಬೆನ್ನೂರಿನ ಹೆಳವನಕಟ್ಟೆ ಗಿರಿಯಮ್ಮ ‘ಚಂದ್ರಹಾಸನ ಕಥೆ’, ‘ಸೀತಾಕಲ್ಯಾಣ’ಗಳನ್ನು ರಚಿಸಿದಳು. ಒಬ್ಬಳಿಗೆ ಅರಮನೆಯ ಆಸರೆ, ಇನ್ನೊಬ್ಬಳಿಗೆ ಹರಿದಾಸರ ಪರಂಪರೆ. ಇಬ್ಬರೂ ಹಾಡನ್ನು ನೆಚ್ಚಿದರು. ನಮ್ಮ ಭಾಗದ ಕಾಲೇಜುಗಳಲ್ಲಿ ಸಂಶೋಧನೆಗೆ ತೊಡಗುವ ಹೆಣ್ಣುಮಕ್ಕಳು ‘ಸೀತಾಕಲ್ಯಾಣ’ ಮತ್ತು ‘ವರನಂದೀ ಕಲ್ಯಾಣ’ಗಳನ್ನು ಜೊತೆಗಿಟ್ಟುಕೊಂಡು ಓದಬೇಕೆಂದು ಕೇಳಿಕೊಳ್ಳುತ್ತೇನೆ.