ಬಾಣಂತಿಯ ರಕ್ತ ಅಳೆದ ಬೆಳಗಾವಿ

ಊರಿನಿಂದ ಹೆರಿಗೆಯ ಫೋನ್ ಬಂದರೆ ನಾವು ರೂಮಿನವರೆಲ್ಲ ಮೊದಲು ಕೇಳುವುದು ‘ಗಂಡೋ, ಹೆಣ್ಣೋ?’ ಬಾಣಂತಿಯ ವಿಚಾರ ಆಮೇಲೆ. ಅವಳ ಮಟ್ಟಿಗೆ ಗಂಡಾಂತರದ ಹೊತ್ತು ಇನ್ನೂ ಕಳೆದಿರುವುದಿಲ್ಲ.

ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿಯಾಗಬೇಕು. ಆ ಬಿಗಿತವೇ ಒಳಗಿನ ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತದೆ. ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಅವಳಿ ಮಕ್ಕಳು, ದೊಡ್ಡ ಮಗು, ಗರ್ಭದ ನೀರು ಹೆಚ್ಚಾಗಿರುವುದು, ಬಹಳ ಹೊತ್ತು ಎಳೆದ ನೋವು, ಮೇಲಿಂದ ಮೇಲೆ ಹೆರಿಗೆ, ಹಿಂದಿನ ಸಲವೂ ಹೆಚ್ಚು ರಕ್ತ ಹೋಗಿರುವುದು: ಇವೆಲ್ಲ ಅಪಾಯದ ಗುರುತುಗಳು. ಮೊದಲೇ ರಕ್ತ ಕಡಿಮೆ ಇದ್ದವಳು ಸ್ವಲ್ಪ ಹೋದರೂ ತಡೆಯಲಾರಳು. ಮುಮ್ತಾಜ್ ಮಹಲ್ 1631ರಲ್ಲಿ ಬುರ್ಹಾನ್‌ಪುರದಲ್ಲಿ ತೀರಿಕೊಂಡದ್ದು 14ನೆಯ ಹೆರಿಗೆಯಲ್ಲಿ; ರಕ್ತಸ್ರಾವವೇ ಕಾರಣವಿರಬೇಕೆಂದು ಹಲವರ ಅಂದಾಜು. ತಾಜಮಹಲಿನ ಮುಂದೆ ಫೋಟೋ ತೆಗೆಸಿಕೊಳ್ಳುವಾಗ ನಮಗಿದು ನೆನಪಾಗುವುದಿಲ್ಲ.

ತೊಡಕೆಂದರೆ, ಇದರಲ್ಲಿ ಯಾವ ಗುರುತೂ ಇಲ್ಲದವರಿಗೂ ಹೀಗಾಗುತ್ತದೆ. ಹಾಗಾಗಿ ಔಷಧಿ ಹೆತ್ತ ಪ್ರತಿಯೊಬ್ಬಳಿಗೂ ಸಿಗಬೇಕು. 1953ರಲ್ಲಿ ವಿನ್ಸೆಂಟ್ ದು ವಿಗ್ನೋ ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸಿದ ಆಕ್ಸಿಟೋಸಿನ್ ಒಳ್ಳೆಯ ಔಷಧಿಯೇ, ಆದರೆ ಅದನ್ನು ತಂಪಿನಲ್ಲಿಡಬೇಕು, ಸೂಜಿ ಹಾಕುವವರೂ ಬೇಕು. ಇಲ್ಲಿಯ ಜೂನ್ ಬಿಸಿಲು ಕಂಡ ನಮಗೆ ಫ್ರಿಜ್ ಇಲ್ಲದ ಕಡೆ ಅಂಥ ಔಷಧಿಯ ಗತಿ ಏನೆಂದು ಹೇಳಬೇಕಿಲ್ಲ.

ಬಿಸಿಲಿಗೆ ಅಷ್ಟು ಬೇಗ ಕೆಡದ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಹಳ್ಳಿಯ ಹೆರಿಗೆಯಲ್ಲೇ ಪರೀಕ್ಷಿಸಿದ್ದು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ. 2002ರಿಂದ 2005ರವರೆಗೆ ಅಲ್ಲಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ 1620 ಹೆಂಗಸರನ್ನು ಇದರಲ್ಲಿ ಸೇರಿಸಿಕೊಂಡರು. ಅರ್ಧದಷ್ಟು ಜನರಿಗೆ ನಿಜವಾದ ಔಷಧಿ, 600 ಮೈಕ್ರೋಗ್ರಾಂ. ಉಳಿದವರಿಗೆ ನೋಡಲು ಹಾಗೇ ಇರುವ ಔಷಧಿಯಿಲ್ಲದ ಮಾತ್ರೆ. ಮಗು ಹೊರಬಂದ ಮೇಲಷ್ಟೇ ಕೊಡುವಂಥದ್ದು, ಮೊದಲಲ್ಲ. ಕೊಟ್ಟವರು ಡಾಕ್ಟರಲ್ಲ, ಮನೆಗಳಲ್ಲೂ ಉಪಕೇಂದ್ರಗಳಲ್ಲೂ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂ ನರ್ಸಮ್ಮಂದಿರು.

ರಕ್ತವನ್ನು ಕಣ್ಣಂದಾಜಿಗೆ ಬಿಡಲಿಲ್ಲ. ಕಣ್ಣು ಯಾವಾಗಲೂ ಕಡಿಮೆಯೇ ಹೇಳುತ್ತದೆ. ಸೀರೆ, ಚಾಪೆ ಎಷ್ಟು ಹೀರಿತೆಂದು ಯಾರಿಗೆ ಗೊತ್ತು? ಬಾಣಂತಿಯ ಕೆಳಗೆ ಅಳತೆ ಗುರುತಿನ ಪ್ಲಾಸ್ಟಿಕ್ ಚೀಲ ಹಾಸಿದರು. ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಕಳೆದುಕೊಂಡವರು ಬರೀ ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 12, ಔಷಧಿಯ ಗುಂಪಿನಲ್ಲಿ 6.4. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯ ರಕ್ತಸ್ರಾವ ತಡೆಯಲೆಂದು ಈ ಔಷಧಿಯನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ ಆಸ್ಪತ್ರೆಗಳಲ್ಲಿ ನಡೆದ ಇನ್ನೊಂದು ದೊಡ್ಡ ಅಧ್ಯಯನ 2023ರಲ್ಲಿ ಹೊರಬಂತು. ಬೇಗ ಗುರುತಿಸಿ, ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರುಮಾಡಿದ್ದರಿಂದ ತೀವ್ರ ರಕ್ತಸ್ರಾವದಂಥ ಅನಾಹುತಗಳು ನೂರಕ್ಕೆ 60ರಷ್ಟು ತಗ್ಗಿದವು. ಅಲ್ಲಿಯೂ ಬಾಣಂತಿಯರ ಕೆಳಗೆ ಹಾಸಿದ್ದು ಇಂಥದೇ ಅಳತೆಯ ಚೀಲ.